ಒಂದೇ ಊರು, ಎರಡು ಹೆಸರು: ವಿಕಿಪೀಡಿಯಾದ ಡಾಂಜಿಗ್ ಜಗಳ

ಜ್ವರ ಬಂದಾಗ ನೂರೊಂದು, ನೂರೆರಡು ಅಂತೀವಲ್ಲ, ಆ ಅಳತೆ ಕೊಟ್ಟ ಫ್ಯಾರನ್‌ಹೀಟ್ 1686ರಲ್ಲಿ ಹುಟ್ಟಿದ್ದು ಬಾಲ್ಟಿಕ್ ತೀರದ ಒಂದು ಬಂದರಿನಲ್ಲಿ. ಯಾವ ಊರು? ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಜಗಳ ಶುರುವಾಗ್ತಿದ್ದದ್ದೇ ಇಲ್ಲಿ. ಒಬ್ರು ‘ಡಾಂಜಿಗ್’ ಅಂತ ಜರ್ಮನ್ ಹೆಸರು ಬರೆದ್ರೆ, ಇನ್ನೊಬ್ರು ಅಳಿಸಿ ‘ಗ್ಡಾನ್ಸ್ಕ್’ ಅಂತ ಪೋಲಿಷ್ ಹೆಸರು ಹಾಕೋರು.

ಬರೀ ಸ್ಪೆಲಿಂಗ್ ತಕರಾರು ಅನ್ಕೋಬೇಡಿ. 1308ರಲ್ಲಿ ಜರ್ಮನ್ ಟ್ಯೂಟಾನಿಕ್ ಯೋಧರು ಈ ಊರನ್ನ ಕಿತ್ಕೊಂಡ್ರು. ಆಮೇಲೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಪೋಲೆಂಡ್ ರಾಜನ ಅಧೀನ, ಆದ್ರೆ ಬೀದಿಯಲ್ಲಿ ಹೆಚ್ಚಾಗಿ ಜರ್ಮನ್ ಮಾತು. 1793ರಲ್ಲಿ ಪ್ರಶ್ಯಾ ಪಾಲು. 1945ರಲ್ಲಿ ಯುದ್ಧ ಮುಗಿದ ಮೇಲೆ ಜರ್ಮನ್ನರನ್ನ ಹೊರಹಾಕಿದ್ರು, ಪೋಲಿಷ್ ಜನ ಬಂದು ನೆಲೆಸಿದ್ರು. ಎರಡೂ ಕಡೆಯವರ ಅಜ್ಜ-ಅಜ್ಜಿಯರ ಕಥೆ ಆ ಒಂದು ಹೆಸರಲ್ಲಿತ್ತು.

ಒಂದು ಪುಟದಲ್ಲಿ ಬೇರೆಯವರ ತಿದ್ದುಪಡಿಯನ್ನ 24 ಗಂಟೆಯಲ್ಲಿ 3ಕ್ಕಿಂತ ಹೆಚ್ಚು ಸಲ ರದ್ದು ಮಾಡಬಾರದು ಅನ್ನೋ ನಿಯಮ ಬಂದ್ರೂ ಜಗಳ ನಿಲ್ಲಲಿಲ್ಲ. ಕೊನೆಗೆ 2005ರಲ್ಲಿ ಮತದಾನವೇ ನಡೀತು. 1308ರಿಂದ 1945ರವರೆಗೆ ಡಾಂಜಿಗ್, ಅದಕ್ಕೂ ಹಿಂದೆ ಮತ್ತು ಆಮೇಲೆ ಗ್ಡಾನ್ಸ್ಕ್. ಇದನ್ನ ಮೀರಿ ಪದೇಪದೇ ಬದಲಿಸಿದ್ರೆ ಕಿಡಿಗೇಡಿತನ ಅಂತಲೇ ಲೆಕ್ಕ.

ಫ್ಯಾರನ್‌ಹೀಟ್ ಹುಟ್ಟಿದಾಗ ದೊರೆ ಪೋಲೆಂಡಿನವನೇ, ಆದ್ರೂ ಊರು ಡಾಂಜಿಗ್ ಅಂತ ತೀರ್ಮಾನ. ಪೋಲಿಷ್ ಓದುಗರು ಗೊಣಗಿದ್ರೆ ನಾನಂತೂ ತಪ್ಪು ಅನ್ನಲ್ಲ.