ದಿವಾನಗಿರಿಯೂ ಜನಮತವೂ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿ ಕಾವೇರಿಯು ಧುಮುಕುವ ರಭಸದಿಂದ 1902ರಲ್ಲಿ ವಿದ್ಯುಚ್ಛಕ್ತಿಯು ಉತ್ಪನ್ನವಾಗಿ, ತಂತಿಗಳ ಮೂಲಕ ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ ಸಂಗತಿಯು ಈ ಸೀಮೆಯವರಿಗೆಲ್ಲ ತಿಳಿದುದೇ ಆಗಿದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸಂಕಲ್ಪಿತವಾದ ಆ ಕಾರ್ಯವು ಮುಗಿಯುವ ಮೊದಲೇ, 1901ರಲ್ಲಿ, ಅವರು ತೀರಿಕೊಂಡರು. 1905ರಲ್ಲಿ ಅದೇ ಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದುವು. ಗಣಿಗಳಿಂದ ಬರುತ್ತಿದ್ದ ರಾಜಧನವು ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿದ್ದುದರಿಂದ ಶಕ್ತಿಯನ್ನು ಮೊದಲು ಅಲ್ಲಿಗೆ ಕಳುಹಿದುದರಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಆದರೆ ಹೊಳೆಯ ದಂಡೆಯ ಒಕ್ಕಲಿಗನೊಬ್ಬನು, ಈ ನೀರಿನ ಫಲವು ತನ್ನ ಊರಿಗೆ ಎಂದು ಬಂದೀತೆಂದು ಕೇಳಬೇಕೆಂದಿದ್ದರೆ, ಯಾರನ್ನು ಕೇಳಬೇಕಾಗಿದ್ದಿತು? ಅಮಲ್ದಾರರು ಡೆಪ್ಯುಟಿ ಕಮಿಷನರಿಗೂ, ಅವರು ದಿವಾನರಿಗೂ, ದಿವಾನರು ಮಹಾರಾಜರಿಗೂ ಉತ್ತರ ಕೊಡತಕ್ಕವರು. ಪ್ರಜೆಗೆ ಉತ್ತರ ಕೊಡತಕ್ಕವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

ಅದೇ ವರ್ಷಗಳಲ್ಲಿ ಭೂಮಂಡಲದ ಮತ್ತೊಂದು ಬದಿಯಲ್ಲಿ ಈ ಪ್ರಶ್ನೆಯು ಹೇಗೆ ಇತ್ಯರ್ಥವಾಗುತ್ತಿದ್ದಿತೆಂಬುದನ್ನು ನೋಡುವುದು ಉಪಯುಕ್ತ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದೊಂದು ರಾಜ್ಯದ ಗವರ್ನರನೂ ಆ ರಾಜ್ಯದ ಮತದಾರರಿಂದಲೇ ಆರಿಸಲ್ಪಡುತ್ತಾನೆ. 1910ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ಚುನಾವಣೆಯು ಇದಕ್ಕೆ ಒಳ್ಳೆಯ ನಿದರ್ಶನ. ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪೆನಿಯು ಆ ರಾಜ್ಯದ ಶಾಸನಸಭೆಯನ್ನೂ ಪಕ್ಷಗಳನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದಿತು. ಹೈರಮ್ ಜಾನ್ಸನ್ ಎಂಬ ವಕೀಲನು ಆ ಕಂಪೆನಿಯನ್ನು ರಾಜಕಾರ್ಯದಿಂದ ಹೊರಗಟ್ಟುವೆನೆಂಬ ಒಂದೇ ಮಾತನ್ನು ಹಿಡಿದು ಗವರ್ನರ್ ಪದವಿಗೆ ನಿಂತನು. ರೈಲ್ವೆಯನ್ನು ಎದುರಿಸುವವನು ರೈಲಿನಲ್ಲಿ ತಿರುಗುವುದು ಹೇಗೆ? ಮೋಟಾರು ಬಂಡಿಯಲ್ಲಿಯೇ ಊರೂರು ಸುತ್ತಿ, ರೈತರೊಡನೆ ಮಾತನಾಡಿ ಗೆದ್ದನು. ಸ್ವಂತ ತಂದೆಯೇ ರೈಲ್ವೆಯವರ ಪಕ್ಷದಲ್ಲಿದ್ದುದು ಆ ಕಥೆಯ ಒಂದು ವಿನೋದ. ಮಾರನೆಯ ವರ್ಷದ ಅಕ್ಟೋಬರ್ 10ರಂದು, ಶಾಸನವನ್ನು ಪ್ರಜೆಗಳೇ ಸೂಚಿಸುವ ಹಕ್ಕನ್ನೂ, ಚುನಾಯಿತ ಅಧಿಕಾರಿಯನ್ನು ಅವಧಿಗೆ ಮೊದಲೇ ಹಿಂದಕ್ಕೆ ಕರೆಸುವ ಹಕ್ಕನ್ನೂ ಅಲ್ಲಿಯ ಮತದಾರರು ಅಂಗೀಕರಿಸಿದರು. ಸ್ತ್ರೀಯರ ಮತಾಧಿಕಾರವು ಅದೇ ದಿನ 3,587 ಮತಗಳ ಅಂತರದಿಂದ ಮಾತ್ರ ಗೆದ್ದಿತು.

ಇಷ್ಟನ್ನು ಕೇಳಿ ಚುನಾವಣೆಯೊಂದಿದ್ದರೆ ಧರ್ಮವು ತಾನಾಗಿ ನೆಲಸುವುದೆಂದು ಭಾವಿಸಬಾರದು. ಅದೇ ಜಾನ್ಸನನು 1913ರಲ್ಲಿ, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಸಾಗುವಳಿಯ ಭೂಮಿಯನ್ನು ಕೊಳ್ಳಕೂಡದೆಂಬ ಶಾಸನಕ್ಕೆ ರುಜು ಹಾಕಿದನು. ಅದು ಮುಖ್ಯವಾಗಿ ಜಪಾನೀ ರೈತರ ಮೇಲೆ ಹೂಡಿದ ಬಾಣ. ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲವೆಂದು ಆ ದೇಶದ ಶ್ರೇಷ್ಠ ನ್ಯಾಯಾಲಯವು 1923ರಲ್ಲಿ ತೀರ್ಮಾನಿಸಿದ ಮೇಲೆ ಅಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿನವರಿಗೂ ಅದು ತಗಲಿತು. ಬಹುಜನರ ಮತದಿಂದ ಬಂದವನು ಮತವಿಲ್ಲದವರ ವಿಷಯದಲ್ಲಿ ನಿರ್ದಯನಾಗಬಲ್ಲನು.

ಇನ್ನು ಮೈಸೂರಿನ ಕಡೆಗೆ ತಿರುಗಬಹುದು. 1881ರಲ್ಲಿ ರಾಜ್ಯವು ಬ್ರಿಟಿಷರ ಕೈಯಿಂದ ಒಡೆಯರ ಮನೆತನಕ್ಕೆ ಮರಳಿದ ವರ್ಷವೇ ದಿವಾನ್ ಸಿ. ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು 144 ಮಂದಿ ಜಮೀನುದಾರರೂ ವರ್ತಕರೂ ಮೊದಲ ಬಾರಿಗೆ ನೆರೆದರು. ದಸರೆಯ ಸಮಯದಲ್ಲಿ ಸಭೆ ಕೂಡುವುದು, ದಿವಾನರು ವರ್ಷದ ಆಡಳಿತದ ವರದಿಯನ್ನು ಓದುವುದು, ಸದಸ್ಯರು ತಮ್ಮ ತಮ್ಮ ಸೀಮೆಯ ಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದು, ಇದು ಕ್ರಮ. ಕೆರೆಯ ತೂಬು, ರಸ್ತೆ, ಶಾಲೆ, ಕಂದಾಯದ ರಿಯಾಯಿತಿ ಮೊದಲಾದುವು ಅಲ್ಲಿ ಬರುವ ಮಾತುಗಳು. 1891ರಿಂದ ಸದಸ್ಯರನ್ನು ಚುನಾಯಿಸುವ ಹಕ್ಕು ದೊರೆಯಿತಾದರೂ ಅದು ಆಸ್ತಿ, ಕಂದಾಯ, ವಿದ್ಯೆ ಇವುಗಳ ಬೇಲಿಯೊಳಗೆ ಇದ್ದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ಆಚಾರ್ಯ ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯ ನಂತರ, 1923ರಲ್ಲಿ, ಎರಡು ಸಭೆಗಳಿಗೂ ಶಾಸನದ ಆಧಾರ ದೊರೆತು, ಮತದಾರರ ಸಂಖ್ಯೆ ಬೆಳೆದು, ಸ್ತ್ರೀಯರಿಗೆ ಇದ್ದ ಅಡ್ಡಿಯೂ ತೊಲಗಿತು. ಹೊಸ ತೆರಿಗೆ ಹಾಕುವ ಮೊದಲು ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂದಾಯಿತು. ಇದು ಸಾಮಾನ್ಯವಾದ ಲಾಭವಲ್ಲ; ದೇಶೀಯ ಸಂಸ್ಥಾನಗಳಲ್ಲಿ ಮೈಸೂರಿಗೆ ಕೀರ್ತಿ ಬಂದುದು ಸಹಜ. ಆದರೂ ಸಭೆಯು ಒಪ್ಪಲಿ, ಒಪ್ಪದಿರಲಿ, ದಿವಾನರ ಆಸನವು ಅಲುಗುತ್ತಿರಲಿಲ್ಲ. ಸಭೆಯ ಅಧ್ಯಕ್ಷರೂ ದಿವಾನರೇ ಆಗಿದ್ದರು. ಅರ್ಜಿದಾರನನ್ನು ಚುನಾಯಿಸುವ ಹಕ್ಕು ಪ್ರಜೆಗೆ ಬಂದಿದ್ದಿತು, ಅರ್ಜಿಯ ಮೇಲೆ ಅಪ್ಪಣೆ ಬರೆಯುವವನನ್ನು ಚುನಾಯಿಸುವ ಹಕ್ಕು ಬಂದಿರಲಿಲ್ಲ.

ಈ ಕೊರತೆಯು ಮಂಡ್ಯದ ಸೀಮೆಗೆ ನೀರಿನ ಮೂಲಕ ಮನವರಿಕೆಯಾಯಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಎರಡು ದಶಕಗಳಲ್ಲಿ ಮುಗಿದು, ಅದರ ದೊಡ್ಡ ನಾಲೆಯು ವೈಸರಾಯ್ ಇರ್ವಿನ್‌ರ ಹೆಸರನ್ನು ಹೊತ್ತು, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬೆಟ್ಟುಭೂಮಿಗಳಿಗೆ ಇಳಿಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾಯಿತು. ರಾಗಿ, ಹುರುಳಿಗಳನ್ನು ಮಳೆಯ ದಯೆಯಿಂದ ಬೆಳೆಯುತ್ತಿದ್ದ ಹೊಲಗಳಲ್ಲಿ ಬತ್ತವೂ ಕಬ್ಬೂ ತಲೆಯೆತ್ತಿದುವು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಮಂಡ್ಯದಲ್ಲಿ ನೆಲೆಗೊಂಡಿತು. ಆದರೆ ನೀರಿನೊಡನೆ ನೀರಿನ ದರವೂ, ಭೂಮಿಯ ಬೆಲೆ ಏರಿತೆಂಬ ಕಾರಣದಿಂದ ವಂತಿಗೆಯೂ, ಯಾವ ಬಯಲಿನಲ್ಲಿ ಯಾವ ಬೆಳೆ ಇಡಬೇಕೆಂಬ ಕಟ್ಟುಪಾಡೂ ಬಂದುವು. ಅದೇ ಕಾಲದಲ್ಲಿ ಲೋಕವನ್ನೆಲ್ಲ ಆವರಿಸಿದ ಮುಗ್ಗಟ್ಟಿನಿಂದ ಧಾನ್ಯದ ಬೆಲೆ ನೆಲಕಚ್ಚಿದ್ದಿತು. ರೈತರು ಸಭೆ ಸೇರಿ ಪ್ರತಿಭಟಿಸಿದರು. ನಾಲೆಯನ್ನು ಬೇಡವೆಂದವರು ಅವರಲ್ಲಿ ಯಾರೂ ಇರಲಿಲ್ಲ. ದರವನ್ನು ಗೊತ್ತುಮಾಡುವಾಗ ತಮ್ಮ ಮಾತಿಗೆ ತೂಕವಿರಲೆಂಬುದೇ ಅವರ ಕೋರಿಕೆ. ಈ ಚಳವಳಿಯಲ್ಲಿ ಪಳಗಿದ ಎಚ್. ಕೆ. ವೀರಣ್ಣಗೌಡರಂಥವರು ಮುಂದೆ ದೊಡ್ಡ ಹೋರಾಟಕ್ಕೂ ಮುಂದಾಳುಗಳಾದರು.

ಇನ್ನೊಂದು ಸಂಗತಿಯು ಮಳವಳ್ಳಿಯವರ ಕಣ್ಣೆದುರಿಗೇ ನಡೆಯಿತು. ಶಿವನಸಮುದ್ರದಲ್ಲಿ ಹೊಳೆಯನ್ನು ದಾಟಿದರೆ ಕೊಳ್ಳೇಗಾಲದ ಸೀಮೆ. ಅದು ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ವರೆಗೂ ಹಾಗೆಯೇ ಇದ್ದಿತು. 1937ರ ಚುನಾವಣೆಯಲ್ಲಿ ಮದರಾಸಿನಲ್ಲಿ ಕಾಂಗ್ರೆಸು ಗೆದ್ದು, ಶ್ರೀ ಚಕ್ರವರ್ತಿ ರಾಜಗೋಪಾಲಾಚಾರ್ಯರು ಮಂತ್ರಿಮಂಡಲವನ್ನು ರಚಿಸಿದರು. ಅಲ್ಲಿಯ ಗವರ್ನರು ಲಂಡನ್ನಿನಿಂದ ನೇಮಕವಾಗಿ ಬಂದವರೇ, ಅಲ್ಲಿಯ ಮತಾಧಿಕಾರವೂ ಎಲ್ಲರಿಗೂ ಇರಲಿಲ್ಲ. ಆದರೂ ದಿನದಿನದ ಆಡಳಿತವು ಚುನಾಯಿತರ ಕೈಗೆ ಬಂದಿದ್ದಿತು. ಒಂದೇ ಭಾಷೆ, ಒಂದೇ ಸಂತೆ, ಬೀಗತನದ ನಂಟು. ಆಚೆಯ ದಡದ ರೈತನಿಗೆ ದೊರೆತುದು ಈಚೆಯ ದಡದವನಿಗೆ ದೊರೆಯಲಿಲ್ಲ. ವಿದೇಶೀಯರ ಆಳ್ವಿಕೆಯಲ್ಲಿ ಸಿಕ್ಕಿದುದು ಸ್ವದೇಶದ ಅರಸರ ಆಳ್ವಿಕೆಯಲ್ಲಿ ಏಕೆ ಸಿಕ್ಕಬಾರದೆಂದು ಜನರು ಕೇಳತೊಡಗಿದರು.

ಆ ವರ್ಷವೇ ಸಂಸ್ಥಾನದ ಹಳೆಯ ಪಕ್ಷಗಳು ಕಾಂಗ್ರೆಸಿನೊಡನೆ ಸೇರಿದುವು. ಮೈಸೂರು ಕಾಂಗ್ರೆಸಿನ ಮೊದಲ ಅಧಿವೇಶನಕ್ಕೆ ಸ್ಥಳವಾಗಿ ಗೊತ್ತಾದುದು ರಾಜಧಾನಿಯೂ ಅಲ್ಲ, ಬೆಂಗಳೂರೂ ಅಲ್ಲ. ಮದ್ದೂರಿನ ಪಕ್ಕದ ಶಿವಪುರ. ಇದರಲ್ಲಿ ವಿವೇಕವಿದ್ದಿತು. ಮದ್ದೂರು ಬೆಂಗಳೂರು ಮೈಸೂರುಗಳ ನಡುವೆ, ಹೆದ್ದಾರಿಯ ಮೇಲೆ, ರೈಲಿನ ದಾರಿಯಲ್ಲಿದೆ. ಸುತ್ತಲೂ ಎಚ್ಚತ್ತ ರೈತರ ಹಳ್ಳಿಗಳು. 1938ರ ಏಪ್ರಿಲಿನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಜನರು ಸಾವಿರಗಟ್ಟಲೆಯಾಗಿ ಎತ್ತಿನ ಗಾಡಿಗಳಲ್ಲಿಯೂ ಕಾಲ್ನಡಿಗೆಯಲ್ಲಿಯೂ ಬಂದು ನೆರೆದರು. ತ್ರಿವರ್ಣ ಧ್ವಜವನ್ನು ಏರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆ ಇದ್ದಿತು. ಗಂಡಭೇರುಂಡದ ಧ್ವಜವಿರುವ ಸಂಸ್ಥಾನದಲ್ಲಿ ಇನ್ನೊಂದು ಧ್ವಜವು ಏರುವುದೆಂದರೆ ರಾಜನಿಷ್ಠೆಗೆ ಭಂಗವೆಂಬುದು ಅಧಿಕಾರಿಗಳ ವಾದ. ವಾಸ್ತವವಾಗಿ ನೆರೆದವರಲ್ಲಿ ಹಲವರಿಗೆ ಅರಸರ ಮೇಲೆ ಭಕ್ತಿಯೇ ಇದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ನಿಂದಿಸುವ ಮನಸ್ಸು ಆ ರೈತರಿಗೆ ಎಲ್ಲಿಂದ ಬರಬೇಕು? ಅವರು ಬಯಸಿದುದು ಮಹಾರಾಜರ ಆಶ್ರಯದಲ್ಲಿಯೇ ಪ್ರಜೆಗಳಿಗೆ ಜವಾಬ್ದಾರಿಯಾದ ಸರ್ಕಾರವನ್ನು. ಏಪ್ರಿಲ್ 11ರಂದು ಆಜ್ಞೆಯನ್ನು ಮೀರಿ ಧ್ವಜವು ಏರಿತು, ಅಧ್ಯಕ್ಷರು ಬಂಧನಕ್ಕೊಳಗಾದರು, ಅವರ ಹಿಂದೆ ಇತರರು ಸರದಿಯಂತೆ ಮುಂದೆ ಬಂದು ಬಂಧಿತರಾದರು.

ಎರಡು ವಾರಗಳಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಇಂಥ ಸಭೆಯ ಮೇಲೆಯೇ ಪೊಲೀಸರು ಗುಂಡು ಹಾರಿಸಿ ಪ್ರಾಣಹಾನಿಯಾಯಿತು. ಮೇ ತಿಂಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಕಾಂಗ್ರೆಸಿಗೆ ಮನ್ನಣೆ ದೊರೆತು, ಎರಡು ಧ್ವಜಗಳೂ ಜೊತೆಯಾಗಿ ಹಾರಬಹುದೆಂದಾಯಿತು. ಮಿರ್ಜಾರವರು ಸಮರ್ಥರು, ಅಭಿರುಚಿಯುಳ್ಳವರು. ಅವರು ಊರೂರಿಗೆ ತಂದ ಅಂದವನ್ನು ಹಿರಿಯರು ಬಹುಕಾಲ ನೆನೆದರು. ಆದರೆ ಒಳ್ಳೆಯ ದಿವಾನರಿದ್ದರೆ ಜನಮತವೇಕೆಂಬ ವಾದವು ಶಿವಪುರದ ಬಳಿಕ ನಿಲ್ಲಲಿಲ್ಲ. ಮಾರನೆಯ ವರ್ಷ, 1939ರ ಜುಲೈ 1ರಂದು, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯು ಹುಟ್ಟಿತು. 1940ರ ಸುಧಾರಣೆಯಲ್ಲಿ ಸಭೆಗಳು ಬೆಳೆದುವು, ಅಧಿಕಾರಿಗಳಲ್ಲದವರಿಗೂ ಮಂತ್ರಿಪದವಿಗೆ ಅವಕಾಶವಾಯಿತು, ಜವಾಬ್ದಾರಿಯು ಮಾತ್ರ ಬರಲಿಲ್ಲ. ಅದು ಬರುವುದಕ್ಕೆ ದೇಶವು ಸ್ವತಂತ್ರವಾಗಿ, 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಸೆರೆಮನೆಗಳು ತುಂಬಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದರು.

ಇಲ್ಲಿಗೆ ದಿವಾನಗಿರಿಯ ಪ್ರಶ್ನೆ ಮುಗಿಯಿತಾದರೂ ರಾಜ್ಯದ ಶಿರಃಸ್ಥಾನದ ಪ್ರಶ್ನೆ ಉಳಿದಿದ್ದಿತು. ಅಮೆರಿಕದಂತೆ ಇಲ್ಲಿಯೂ ಪ್ರಾಂತದ ಗವರ್ನರನ್ನು ಜನರೇ ಆರಿಸಲೆಂದು ಪಟೇಲರ ಅಧ್ಯಕ್ಷತೆಯ ಸಮಿತಿಯು 1947ರಲ್ಲಿ ಸಲಹೆ ಮಾಡಿದ್ದಿತು. ಸಂವಿಧಾನ ಸಭೆಯು ಅದನ್ನು ಒಪ್ಪಿಯೂ ಇದ್ದಿತು. ಎರಡು ವರ್ಷಗಳಲ್ಲಿ ಮನಸ್ಸು ತಿರುಗಿತು. ಜನರಿಂದ ಆರಿಸಿ ಬಂದ ಗವರ್ನರನೂ, ಜನರಿಂದ ಆರಿಸಿ ಬಂದ ಸಭೆಯ ಬೆಂಬಲವುಳ್ಳ ಮುಖ್ಯಮಂತ್ರಿಯೂ ಒಂದೇ ಮನೆಯಲ್ಲಿ ಇಬ್ಬರು ಯಜಮಾನರಂತಾಗಿ ಕಲಹವಾದೀತೆಂಬುದು ಒಂದು ಆಕ್ಷೇಪ. ಸ್ವಂತ ಅಧಿಕಾರವಿಲ್ಲದ ಪದವಿಗೆ ಇಡೀ ಪ್ರಾಂತದಲ್ಲಿ ಚುನಾವಣೆಯ ವೆಚ್ಚವೇಕೆಂಬುದು ಇನ್ನೊಂದು. ಹೀಗೆ 1949ರ ಮೇ ತಿಂಗಳ ಕೊನೆಯಲ್ಲಿ ರಾಷ್ಟ್ರಪತಿಗಳ ನೇಮಕವೇ ನಿಂತಿತು. ವಾದವು ತರ್ಕಕ್ಕೆ ಒಪ್ಪುವಂಥದೇ. ಆದರೂ ಜನರ ಮತದಿಂದ ಬಾರದವರೊಬ್ಬರು ಸಂಕಟಕಾಲದಲ್ಲಿ ಮಂತ್ರಿಮಂಡಲದ ಅಳಿವು ಉಳಿವುಗಳಲ್ಲಿ ಕೈಯಾಡಿಸುವ ಅವಕಾಶವು ಹಾಗೆಯೇ ಉಳಿಯಿತು. ಮುಂದಿನ ದಶಕಗಳಲ್ಲಿ ಅದರಿಂದ ಹುಟ್ಟಿದ ವ್ಯಾಜ್ಯಗಳು ನ್ಯಾಯಾಲಯಗಳ ವರೆಗೂ ಹೋದುವು. ಮೈಸೂರಿನಲ್ಲಿ ಮಾತ್ರ ಮಾರ್ಪಾಟು ಸುಲಲಿತವಾಗಿ ನಡೆಯಿತು. ಜಯಚಾಮರಾಜ ಒಡೆಯರು 1950ರಲ್ಲಿ ರಾಜಪ್ರಮುಖರಾಗಿ, 1956ರಲ್ಲಿ ರಾಜ್ಯಪಾಲರಾದರು. ಅರಸರಾಗಿದ್ದವರೇ ಚುನಾಯಿತ ಮಂತ್ರಿಗಳ ಸಲಹೆಯಂತೆ ರುಜು ಹಾಕಿದರು.

ಮದ್ದೂರಿನ ಮಗನೊಬ್ಬನ ಜೀವನದಲ್ಲಿ ಈ ಎರಡು ಪದ್ಧತಿಗಳೂ ಸಂಧಿಸಿದುವು. ಸೋಮನಹಳ್ಳಿಯ ಎಸ್. ಎಂ. ಕೃಷ್ಣರವರು ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋಗಿದ್ದಾಗ, 1960ರಲ್ಲಿ, ಕೆನೆಡಿಯವರ ಪರವಾಗಿ ಚುನಾವಣೆಯ ಪ್ರಚಾರ ಮಾಡಿದರು. ಎರಡು ವರ್ಷಗಳ ತರುವಾಯ ಮದ್ದೂರಿನಲ್ಲಿ ಪಕ್ಷವಿಲ್ಲದೆ ನಿಂತರು. ಎದುರಿಗೆ ಕಾಂಗ್ರೆಸಿನ ಕೆ. ವಿ. ಶಂಕರಗೌಡರು, ಅವರ ಪರವಾಗಿ ಪ್ರಧಾನಿ ನೆಹರೂರವರೇ ಬಂದು ಮಾತನಾಡಿದ್ದರು; ಆದರೂ ಮತದಾರರು ಕೃಷ್ಣರನ್ನು ಆರಿಸಿದರು. ಅವರು 1999ರಲ್ಲಿ ಇದೇ ಮದ್ದೂರಿನಿಂದ ಗೆದ್ದು ಮುಖ್ಯಮಂತ್ರಿಗಳಾದರು. 2004ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿ ಮುಂಬಯಿಯಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಅವರ ಕೈಯಲ್ಲಿದ್ದುದು ರಾಷ್ಟ್ರಪತಿಗಳ ಆಜ್ಞಾಪತ್ರ. 2008ರ ಮಾರ್ಚಿನಲ್ಲಿ ಅದನ್ನು ತ್ಯಜಿಸಿ ಅವರು ಮತ್ತೆ ರಾಜಕಾರ್ಯಕ್ಕೆ ಮರಳಿದರು.