‘ಅನುಮತಿಸಿ’ ಎಂಬ ಗುಂಡಿಯ ಚರಿತ್ರೆ

ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಅಂಚಿನಲ್ಲಿ ದಿನಕ್ಕೆ ಹತ್ತಾರು ಬಾರಿ ಇಣುಕಿ, ‘ನಿಮ್ಮ ಫೋನಿಗೆ ವೈರಸ್ ತಗುಲಿದೆ’ ಎಂದೋ ‘ನಿಮಗೆ ಬಹುಮಾನ ಬಂದಿದೆ’ ಎಂದೋ ಸಾರುವ ಹುಸಿ ಸಂದೇಶಗಳನ್ನು ಜನ ಸಾಮಾನ್ಯವಾಗಿ ವೈರಸ್ಸಿನ ಕೆಲಸವೆಂದೇ ಭಾವಿಸುತ್ತಾರೆ. ಆದರೆ ಅವುಗಳಲ್ಲಿ ಎಷ್ಟೋ ಸಂದೇಶಗಳು ಯಾವ ಬೀಗವನ್ನೂ ಮುರಿದು ಒಳಬಂದವಲ್ಲ. ಬ್ರೌಸರ್, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶ, ಯಾವಾಗಲೋ ಒಮ್ಮೆ ಅನುಮತಿ ಕೇಳಿದಾಗ ಬಳಕೆದಾರರೇ ಒತ್ತಿದ ಗುಂಡಿಯ ಫಲವಾಗಿ ಬಂದವು. ಆದ್ದರಿಂದ ಈ ಉಪದ್ರವದ ಚರಿತ್ರೆಯನ್ನು ಒಪ್ಪಿಗೆಯ ಚರಿತ್ರೆಯಾಗಿಯೇ ಓದಬೇಕಾಗುತ್ತದೆ. ಕೇಳದೆ ನುಗ್ಗುತ್ತಿದ್ದವರನ್ನು ತಡೆಯಲು ‘ಕೇಳಿ ಬರುವ’ ಪದ್ಧತಿಯನ್ನು ರೂಢಿಸಿದ ತಂತ್ರಜ್ಞರು, ಆ ಕೇಳಿಕೆಯೇ ಮುಂದೆ ವಂಚಕರ ಸರಕಾಗಬಹುದೆಂಬುದನ್ನು ಬಹುಕಾಲ ಗಣನೆಗೆ ತೆಗೆದುಕೊಳ್ಳಲಿಲ್ಲ.

ಕೇಳದೆ ತೆರೆದುಕೊಳ್ಳುವ ಕಿಟಕಿಗಳ ಮೂಲ 1990ರ ದಶಕದ ಉತ್ತರಾರ್ಧದಲ್ಲಿದೆ. ಅಮೆರಿಕದ ಟ್ರೈಪಾಡ್ ಎಂಬ ತಾಣವು ಸಾಮಾನ್ಯರಿಗೆ ತಮ್ಮದೇ ಪುಟ ಕಟ್ಟಿಕೊಳ್ಳಲು ಉಚಿತವಾಗಿ ಜಾಗ ಕೊಟ್ಟು, ಆ ಪುಟಗಳಲ್ಲಿ ಜಾಹೀರಾತು ಹಾಕಿ ಖರ್ಚು ತೂಗಿಸುತ್ತಿತ್ತು. ಕಾರು ಕಂಪನಿಯೊಂದರ ಜಾಹೀರಾತು ಲೈಂಗಿಕ ವಿಷಯದ ಪುಟವೊಂದರಲ್ಲಿ ಕಾಣಿಸಿಕೊಂಡು ಆ ಕಂಪನಿ ಸಿಡಿಮಿಡಿಗೊಂಡಾಗ, ಪುಟಕ್ಕೂ ಜಾಹೀರಾತಿಗೂ ನೇರ ನಂಟು ಕಾಣದಿರಲೆಂದು ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೆರೆಯುವ ಉಪಾಯವನ್ನು ಅಲ್ಲಿ ಕೆಲಸ ಮಾಡುತ್ತಿದ್ದ ಈಥನ್ ಜುಕರ್‌ಮನ್ ಹೂಡಿದರು. ಪಾಪ್-ಅಪ್ ಎಂದು ಹೆಸರಾದ ಈ ಕಿಟಕಿ ಕೆಲವೇ ವರ್ಷಗಳಲ್ಲಿ ಇಡೀ ಜಾಲವನ್ನು ವ್ಯಾಪಿಸಿತು. 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಜುಕರ್‌ಮನ್ ಇದಕ್ಕಾಗಿ ಕ್ಷಮೆ ಕೋರಿದರು. ತಮ್ಮ ಆವಿಷ್ಕಾರಕ್ಕೆ ಹೀಗೆ ಬಹಿರಂಗವಾಗಿ ತಪ್ಪೊಪ್ಪಿಕೊಂಡವರು ತಂತ್ರಜ್ಞಾನದ ಇತಿಹಾಸದಲ್ಲಿ ವಿರಳ.

ಪಾಪ್-ಅಪ್‌ಗಿಂತಲೂ ಇಂದಿನ ಪಿಡುಗಿಗೆ ಹತ್ತಿರದ ಪೂರ್ವಜ ವಿಂಡೋಸ್‌ನ ಮೆಸೆಂಜರ್ ಸೇವೆ. ಕಚೇರಿಯೊಂದರ ಗಣಕಗಳಿಗೆಲ್ಲ ‘ಸರ್ವರ್ ಇನ್ನೈದು ನಿಮಿಷದಲ್ಲಿ ನಿಲ್ಲಲಿದೆ’ ಎಂಬಂಥ ಸೂಚನೆ ಕಳುಹಿಸಲೆಂದು ರೂಪಿಸಿದ್ದ ಈ ಸೇವೆಯನ್ನು 2002ರ ಸುಮಾರಿಗೆ ಜಾಹೀರಾತುದಾರರು ಹೊರಗಿನಿಂದಲೇ ಬಳಸಿಕೊಳ್ಳತೊಡಗಿದರು. ಬ್ರೌಸರ್ ತೆರೆಯದಿದ್ದರೂ, ಗಣಕವು ಅಂತರ್ಜಾಲಕ್ಕೆ ಸೇರಿದ್ದರೆ ಸಾಕು, ಬೂದುಬಣ್ಣದ ಪೆಟ್ಟಿಗೆಯೊಂದು ಪರದೆಯ ನಡುವೆ ಎದ್ದು ನಿಲ್ಲುತ್ತಿತ್ತು. 2003ರ ನವೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಒಯ್ದ ಪ್ರಕರಣವೊಂದರಲ್ಲಿ ಆರೋಪಿ ಸಂಸ್ಥೆಯು ಈ ಪೆಟ್ಟಿಗೆಗಳನ್ನು ಪದೇ ಪದೇ ಕಳುಹಿಸಿ, ಅವುಗಳ ಮೂಲಕ ಮಾರುತ್ತಿದ್ದ ಸರಕೆಂದರೆ ಇಂಥ ಪೆಟ್ಟಿಗೆಗಳನ್ನು ತಡೆಯುವ ತಂತ್ರಾಂಶವೇ ಆಗಿತ್ತು. ರೋಗವನ್ನೂ ಔಷಧವನ್ನೂ ಒಂದೇ ಅಂಗಡಿಯಲ್ಲಿ ಮಾರುವ ಈ ಜಾಣ್ಮೆ, ‘ವೈರಸ್ ಇದೆ, ಈಗಲೇ ಒತ್ತಿ’ ಎನ್ನುವ ಇಂದಿನ ಸಂದೇಶಗಳಲ್ಲಿ ಹಾಗೆಯೇ ಉಳಿದುಬಂದಿದೆ. 2004ರ ಆಗಸ್ಟ್‌ನಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್ ಮೆಸೆಂಜರ್ ಸೇವೆಯನ್ನು ನಿಷ್ಕ್ರಿಯಗೊಳಿಸಿದ್ದಲ್ಲದೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಪಾಪ್-ಅಪ್ ತಡೆಯನ್ನೂ ಜೋಡಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿಯಲ್ಲಿಯೂ ಆ ತಡೆ ಇತ್ತು.

ಈ ಅನುಭವದಿಂದ ಬ್ರೌಸರ್ ತಯಾರಕರು ಕಲಿತ ಪಾಠ, ಯಾವ ತಾಣವೂ ಬಳಕೆದಾರರನ್ನು ಕೇಳದೆ ಪರದೆಯ ಮೇಲೆ ಬರಕೂಡದು ಎಂಬುದು. ಈ ನಡುವೆ 2009ರಲ್ಲಿ ಆ್ಯಪಲ್ ಐಫೋನಿನಲ್ಲಿ ಪುಶ್ ನೋಟಿಫಿಕೇಷನ್ ಸೇವೆ ಆರಂಭಿಸಿತು. ಪುಶ್ ಎಂದರೆ, ಆ್ಯಪ್ ತೆರೆಯದಿದ್ದಾಗಲೂ ದೂರದ ಸರ್ವರ್ ತಾನಾಗಿ ಸಾಧನಕ್ಕೆ ಸಂದೇಶ ತಳ್ಳುವುದು. ಆ್ಯಪ್‌ಗಳಿಗೆ ದೊರೆತ ಈ ಸವಲತ್ತು ಜಾಲತಾಣಗಳಿಗೂ ಬೇಕೆಂಬ ಒತ್ತಾಯ ಬೆಳೆಯಿತು. 2011ರ ಜನವರಿಯಲ್ಲಿ ಜಿಮೇಲ್, ಕ್ರೋಮ್ ಬ್ರೌಸರಿನಲ್ಲಿ ತೆರೆದಿದ್ದಷ್ಟು ಹೊತ್ತು ಹೊಸ ಅಂಚೆಯ ಸೂಚನೆ ತೋರಿಸತೊಡಗಿತು. 2013ರಲ್ಲಿ ಮ್ಯಾಕ್ ಗಣಕಗಳ ಸಫಾರಿ, ಪುಟ ಮುಚ್ಚಿದ ಮೇಲೂ ಸೂಚನೆ ಪಡೆಯುವ ಏರ್ಪಾಡನ್ನು ಆ್ಯಪಲ್‌ನದೇ ವಿಧಾನದಲ್ಲಿ ತಂದಿತು. ಸಾರ್ವತ್ರಿಕ ಮಾನದಂಡದ ಪ್ರಕಾರ ಇದನ್ನು ಎಲ್ಲ ತಾಣಗಳಿಗೂ ತೆರೆದಿಟ್ಟದ್ದು 2015ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್‌ನ 42ನೇ ಆವೃತ್ತಿ; ಫೈರ್‌ಫಾಕ್ಸ್ 2016ರ ಜನವರಿಯಲ್ಲಿ ಅದನ್ನು ಅನುಸರಿಸಿತು.

ಈ ಪುಶ್ ವ್ಯವಸ್ಥೆಯ ಒಳಗಿನ ಕೆಲಸವನ್ನು ತಿಳಿಯದೆ ಮುಂದಿನ ವಂಚನೆ ಅರ್ಥವಾಗುವುದಿಲ್ಲ. ‘ಅನುಮತಿಸಿ’ ಎಂಬ ಗುಂಡಿಯನ್ನು ಒತ್ತಿದೊಡನೆ ಬ್ರೌಸರ್ ಆ ತಾಣಕ್ಕೆಂದೇ ಒಂದು ವಿಶಿಷ್ಟ ವಿಳಾಸವನ್ನು ಸೃಷ್ಟಿಸಿ ಕೊಡುತ್ತದೆ. ಈ ವಿಳಾಸವಿರುವುದು ಬ್ರೌಸರ್ ತಯಾರಕರು ನಡೆಸುವ ಪುಶ್ ಸರ್ವರಿನಲ್ಲಿ. ತಾಣದವರು ಆ ವಿಳಾಸಕ್ಕೆ ಯಾವಾಗ ಸಂದೇಶ ಹಾಕಿದರೂ, ಸರ್ವರ್ ಅದನ್ನು ಸಾಧನಕ್ಕೆ ತಲುಪಿಸಿ, ‘ಸರ್ವೀಸ್ ವರ್ಕರ್’ ಎಂಬ, ಪುಟ ಮುಚ್ಚಿದ ಮೇಲೂ ಬ್ರೌಸರಿನೊಳಗೆ ಉಳಿದಿರುವ ಸಣ್ಣ ಕಾರ್ಯಕ್ರಮವನ್ನು ಎಬ್ಬಿಸುತ್ತದೆ, ಅದು ಸಂದೇಶವನ್ನು ಪರದೆಗೆ ತರುತ್ತದೆ. 2017ರ ನವೆಂಬರ್‌ನ ಆರ್‌ಎಫ್‌ಸಿ 8291 ಎಂಬ ಅಂತರ್ಜಾಲ ಮಾನದಂಡದ ಪ್ರಕಾರ ಸಂದೇಶದ ಒಡಲು ಗೂಢಲಿಪಿಯಲ್ಲಿರುವುದರಿಂದ ನಡುವಿನ ಸರ್ವರ್ ಅದನ್ನು ಓದಲಾರದು. ಇಮೇಲ್ ಸೇವೆಗಳು ಪತ್ರವನ್ನು ಓದಿ ನೋಡಿ ಸ್ಪ್ಯಾಮ್ ಎಂದು, ಅಂದರೆ ಬೇಡದ ಸಗಟು ಸಂದೇಶವೆಂದು ಬದಿಗಿಡಬಲ್ಲವಾದರೆ, ಖಾಸಗಿತನಕ್ಕೆಂದು ಮಾಡಿದ ಈ ಏರ್ಪಾಡಿನಿಂದಾಗಿ ನೋಟಿಫಿಕೇಷನ್ನಿನ ದಾರಿಯಲ್ಲಿ ಅಂಥ ಜರಡಿಗೆ ಎಡೆಯೇ ಇರಲಿಲ್ಲ. ಜೊತೆಗೆ, ಬಳಕೆದಾರರಿಗೆ ಕಾಣದಂತೆ ತಾಣಗಳು ಹಿನ್ನೆಲೆಯಲ್ಲಿ ಕೆಲಸ ನಡೆಸಬಾರದೆಂದು ಕ್ರೋಮ್ ಪ್ರತಿಯೊಂದು ಪುಶ್ ಸಂದೇಶವೂ ಕಣ್ಣಿಗೆ ಕಾಣಲೇಬೇಕೆಂಬ ನಿಯಮ ಮಾಡಿತು. ಸದುದ್ದೇಶದ ಆ ನಿಯಮ ಸ್ಪ್ಯಾಮ್ ಕಳುಹಿಸುವವರಿಗೆ ವರವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಟ್ಟ ಅನುಮತಿಗೆ ಅವಧಿಯೇ ಇರಲಿಲ್ಲ. ಬಾಡಿಗೆ ಕರಾರಿಗೂ ಚಾಲನಾ ಪರವಾನಗಿಗೂ ಇರುವ ಕೊನೆಯ ದಿನಾಂಕ ಈ ಒಪ್ಪಿಗೆಗೆ ಇರಲಿಲ್ಲವೆಂಬುದೇ ಇಡೀ ವಿನ್ಯಾಸದ ದೊಡ್ಡ ಲೋಪವೆನ್ನಬೇಕು.

ಹೀಗೆ ಅನುಮತಿಯೆಂಬುದು ಕೂಡಿಡಬಹುದಾದ, ಲಾಭಕ್ಕೆ ಬಳಸಬಹುದಾದ ಆಸ್ತಿಯಾದಾಗ, ಅದನ್ನು ಗಿಟ್ಟಿಸುವ ಕುಶಲತೆಯೂ ಬೆಳೆಯಿತು. ಅಂಥ ತಂತ್ರಗಳಲ್ಲಿ ಬಹಳ ಯಶಸ್ವಿಯಾದದ್ದು ಹುಸಿ ಕ್ಯಾಪ್ಚಾ. ಕ್ಯಾಪ್ಚಾ ಎಂದರೆ ಎದುರಿಗಿರುವುದು ಮನುಷ್ಯನೋ ಯಂತ್ರವೋ ಎಂದು ಗುರುತಿಸುವ ಪರೀಕ್ಷೆ. ಸೊಟ್ಟ ಅಕ್ಷರಗಳನ್ನು ಓದಿ ಬರೆಯುವ ಹಳೆಯ ಕ್ರಮದ ಬದಲು, ‘ನಾನು ರೋಬೋಟ್ ಅಲ್ಲ’ ಎಂಬ ಚೌಕವನ್ನು ಒತ್ತಿದರೆ ಸಾಕೆನ್ನುವ ರೂಪವನ್ನು ಗೂಗಲ್ 2014ರ ಡಿಸೆಂಬರ್‌ನಲ್ಲಿ ಪರಿಚಯಿಸಿತ್ತು. ಅಂದರೆ, ರೋಬೋಟ್ ಅಲ್ಲವೆಂದು ಸಾಬೀತುಪಡಿಸಲು ಯೋಚಿಸದೆ ಗುಂಡಿ ಒತ್ತುವ ಅಭ್ಯಾಸ ಕೋಟ್ಯಂತರ ಜನರಿಗೆ ಅಂಟಿಕೊಳ್ಳುತ್ತಿದ್ದ ಕಾಲಕ್ಕೇ ಪುಶ್ ನೋಟಿಫಿಕೇಷನ್ ಕೂಡ ಬಂದಿತು. ವಂಚಕ ತಾಣಗಳು ಈ ಎರಡನ್ನೂ ಬೆಸೆದವು: ಪುಟದ ನಡುವೆ ರೋಬೋಟಿನ ಚಿತ್ರ, ಅದರಡಿ ‘ನೀವು ರೋಬೋಟ್ ಅಲ್ಲವೆಂದು ಖಚಿತಪಡಿಸಲು ಅನುಮತಿಸಿ ಎಂಬುದನ್ನು ಒತ್ತಿ’ ಎಂಬ ಸಾಲು, ಮೇಲೆ ಬ್ರೌಸರಿನದೇ ನಿಜವಾದ ಅನುಮತಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿದ್ದ ಮಾತು ನಿಜ, ಗುಂಡಿಯೂ ನಿಜ. ಸುಳ್ಳಿದ್ದದ್ದು ಅದರ ಸುತ್ತ ಬರೆದ ವಿವರಣೆಯಲ್ಲಿ ಮಾತ್ರ. ಸಿನಿಮಾ ನೋಡಲು, ಕಡತ ಇಳಿಸಿಕೊಳ್ಳಲು, ವಯಸ್ಸು ದೃಢಪಡಿಸಲು ಎಂಬ ನೆಪಗಳೂ ಇದೇ ಜಾತಿಗೆ ಸೇರಿದವು. ನಿರಾಕರಿಸಿದವರನ್ನೂ ಬಿಡುತ್ತಿರಲಿಲ್ಲ. ಬ್ರೌಸರ್ ಅನುಮತಿಯನ್ನು ಲೆಕ್ಕವಿಡುವುದು ತಾಣದ ಪೂರ್ಣ ವಿಳಾಸದ ಆಧಾರದ ಮೇಲಾದ್ದರಿಂದ, ಹೆಸರಿನ ಮುಂದೆ ಒಂದಕ್ಷರ ಬದಲಿಸಿದ ಉಪವಿಳಾಸಕ್ಕೆ ದಾಟಿಸಿ, ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದರು.

2017ರ ಅಕ್ಟೋಬರ್‌ನಲ್ಲಿ ಕ್ರೋಮ್, ಸುರಕ್ಷಿತ ಸಂಪರ್ಕವಿಲ್ಲದ ತಾಣಗಳು ಅನುಮತಿ ಕೇಳದಂತೆ ಮಾಡಿತಾದರೂ, ಅಷ್ಟರಲ್ಲಿ ಸುರಕ್ಷತಾ ಪ್ರಮಾಣಪತ್ರಗಳು ಉಚಿತವಾಗಿ ಸಿಗುತ್ತಿದ್ದುದರಿಂದ ವಂಚಕರಿಗೆ ಅದು ತಡೆಯಾಗಲಿಲ್ಲ. ಈ ವ್ಯವಹಾರದ ಒಳಸ್ವರೂಪವನ್ನು ಅಳೆದದ್ದು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೊಡಗಿದ್ದ, 2020ರಲ್ಲಿ ಪ್ರಕಟವಾದ ಅಧ್ಯಯನ. ಅವರು ಸಂಗ್ರಹಿಸಿದ 21,541 ಪುಶ್ ಸಂದೇಶಗಳಲ್ಲಿ 5,143 ಜಾಹೀರಾತುಗಳನ್ನು 572 ಪ್ರಚಾರ ಸರಣಿಗಳಾಗಿ ಗುರುತಿಸಿ, ಆ ಜಾಹೀರಾತುಗಳಲ್ಲಿ ಶೇ 51ರಷ್ಟು ದುರುದ್ದೇಶದವೆಂದು ಕಂಡುಕೊಂಡರು; ರೂಢಿಯಲ್ಲಿದ್ದ ಜಾಹೀರಾತು ತಡೆಗಳು ಇವುಗಳ ಮುಂದೆ ಬಹುಮಟ್ಟಿಗೆ ನಿರುಪಯುಕ್ತವಾಗಿದ್ದವು.

ಬ್ರೌಸರ್ ತಯಾರಕರು ತಮ್ಮ ಎಣಿಕೆ ತಪ್ಪಿತೆಂದು ಒಪ್ಪಿಕೊಂಡದ್ದು ಅಂಕಿಅಂಶಗಳನ್ನು ಎದುರಿಗಿಟ್ಟುಕೊಂಡ ಮೇಲೆಯೇ. ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾ, 2018ರ ಡಿಸೆಂಬರ್ 25ರಿಂದ ಒಂದು ತಿಂಗಳ ಕಾಲದ ಲೆಕ್ಕ ತೆಗೆದಾಗ, ಸುಮಾರು 145 ಕೋಟಿ ಬಾರಿ ಅನುಮತಿ ಪೆಟ್ಟಿಗೆ ತೆರೆದುಕೊಂಡಿದ್ದು, ಅವುಗಳಲ್ಲಿ ಒಪ್ಪಿಗೆ ದೊರೆತದ್ದು ಸುಮಾರು 2.37 ಕೋಟಿಗೆ ಮಾತ್ರ. ಅಂದರೆ ಒಂದು ಒಪ್ಪಿಗೆಗೆ ಅರವತ್ತು ನಿರಾಕರಣೆ ಅಥವಾ ನಿರ್ಲಕ್ಷ್ಯ. ಅಂಗಡಿಯ ಬಾಗಿಲಲ್ಲಿ ನಿಂತು ಅರವತ್ತು ಜನರನ್ನು ಅಡ್ಡಗಟ್ಟಿ ಒಬ್ಬರನ್ನು ಒಳಗೆ ಕರೆತರುವ ವ್ಯಾಪಾರಿಯನ್ನು ಯಾವ ಪೇಟೆಯೂ ಸಹಿಸದು. ಜಾಲ ಮಾತ್ರ ನಾಲ್ಕಾರು ವರ್ಷ ಸಹಿಸಿತು. 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್‌ನ 72ನೇ ಆವೃತ್ತಿ, ಬಳಕೆದಾರರು ಪುಟದಲ್ಲಿ ಏನನ್ನಾದರೂ ಒತ್ತುವ ತನಕ ಅನುಮತಿ ಪೆಟ್ಟಿಗೆ ತೆರೆಯದಂತೆ ಮಾಡಿ, ವಿಳಾಸಪಟ್ಟಿಯಲ್ಲಿ ಸಣ್ಣ ಗುರುತನ್ನಷ್ಟೇ ಉಳಿಸಿತು. ಇಂಥದೇ ನಿಯಮವನ್ನು ಸಫಾರಿ ಹಿಂದಿನ ವರ್ಷವೇ ತಂದಿತ್ತು. ಕ್ರೋಮ್ 2020ರ ಫೆಬ್ರವರಿಯಲ್ಲಿ ಸದ್ದಿಲ್ಲದ ಅನುಮತಿ ಪೆಟ್ಟಿಗೆಯನ್ನು ತಂದು, ಅದೇ ವರ್ಷ ಮುಂದೆ ವಂಚಿಸಿ ಅನುಮತಿ ಕೇಳುವ ತಾಣಗಳನ್ನೂ ಹಾದಿ ತಪ್ಪಿಸುವ ಸಂದೇಶ ಕಳುಹಿಸುವ ತಾಣಗಳನ್ನೂ ಗುರುತಿಸಿ ಮೊಟಕುಗೊಳಿಸತೊಡಗಿತು.

ಆದರೂ ಹಳೆಯ ಒಪ್ಪಿಗೆಗಳು ಹಾಗೆಯೇ ಉಳಿದಿದ್ದವು. ಅವುಗಳತ್ತ ಗಮನ ಹರಿದದ್ದು ತೀರ ಇತ್ತೀಚೆಗೆ. 2024ರಲ್ಲಿ ಆ್ಯಂಡ್ರಾಯ್ಡ್ ಫೋನುಗಳ ಕ್ರೋಮ್‌ನಲ್ಲಿ ಸಂದೇಶದ ಕೆಳಗೇ ಒಂದೇ ಒತ್ತಿಗೆ ಅನುಮತಿ ಹಿಂಪಡೆಯುವ ಗುಂಡಿ ಬಂದಿತು. 2025ರ ಮೇ ತಿಂಗಳಲ್ಲಿ ಅನುಮಾನಾಸ್ಪದ ಸಂದೇಶಗಳನ್ನು ಫೋನಿನೊಳಗೇ ಪರಿಶೀಲಿಸಿ ಎಚ್ಚರಿಸುವ ವ್ಯವಸ್ಥೆ ಜಾರಿಯಾಯಿತು; ಗೂಢಲಿಪಿಯ ಸಂದೇಶ ಬಿಡಿಸಿಕೊಳ್ಳುವುದು ಸಾಧನದಲ್ಲಿ ಮಾತ್ರವಾದ್ದರಿಂದ ಜರಡಿಯನ್ನು ಅಲ್ಲಿಯೇ ಇಡದೆ ಬೇರೆ ದಾರಿಯಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಒಟ್ಟು ಸಂದೇಶಗಳಲ್ಲಿ ಶೇ 1ಕ್ಕಿಂತಲೂ ಕಡಿಮೆ ಸಂದೇಶಗಳಿಗೆ ಮಾತ್ರ ಬಳಕೆದಾರರು ಸ್ಪಂದಿಸುತ್ತಾರೆಂದು ತಿಳಿಸಿದ ಗೂಗಲ್, ಜನರು ಗಮನ ಕೊಡದಿದ್ದರೂ ರಾಶಿರಾಶಿ ಸಂದೇಶ ಕಳುಹಿಸುವ ತಾಣಗಳ ಅನುಮತಿಯನ್ನು ಬ್ರೌಸರೇ ರದ್ದುಪಡಿಸುವುದಾಗಿ ಪ್ರಕಟಿಸಿತು. ಒಪ್ಪಿಗೆಗೆ ಒಂದು ಕೊನೆಯಿರಬೇಕೆಂಬ ಸರಳ ತತ್ತ್ವ ಬ್ರೌಸರಿಗೆ ಇಳಿಯಲು ಹತ್ತು ವರ್ಷ ಹಿಡಿಯಿತು.

ಕನ್ನಡದ ಮಟ್ಟಿಗೆ ಇಲ್ಲೊಂದು ಪದದ ತೊಡಕೂ ಇದೆ. ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸುವ ಅಧಿಕೃತ ಪ್ರಕಟಣೆಗೆ ಸಲ್ಲುತ್ತಿದ್ದ ‘ಅಧಿಸೂಚನೆ’ ಎಂಬ ಮಾತನ್ನೇ ಬ್ರೌಸರ್ ಮತ್ತು ಫೋನುಗಳ ಕನ್ನಡ ಅನುವಾದಗಳು ನೋಟಿಫಿಕೇಷನ್‌ಗೆ ಬಳಸಿದವು. ಯಾವುದೋ ಜೂಜಿನ ತಾಣದ ಆಮಿಷಕ್ಕೆ ಅಷ್ಟು ಗೌರವದ ಹೆಸರು ದೊರೆತದ್ದು ಸರಿಯೆನಿಸದು, ‘ಸೂಚನೆ’ ಎಂದಿದ್ದರೆ ಸಾಕಿತ್ತು. ಕಾನೂನಿನಲ್ಲಿಯೂ ಕೊರತೆಯಿದೆ. ಭಾರತದಲ್ಲಿ ಬೇಡದ ವಾಣಿಜ್ಯ ಕರೆ ಮತ್ತು ಎಸ್‌ಎಂಎಸ್‌ಗಳನ್ನು ನಿಯಂತ್ರಿಸುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿ ದೂರವಾಣಿ ಕಂಪನಿಗಳ ಜಾಲದಲ್ಲಿ ಸಾಗುವ ಕರೆ, ಸಂದೇಶಗಳಿಗೆ ಅನ್ವಯಿಸುತ್ತದೆ. ಬ್ರೌಸರ್ ಸೂಚನೆ ಬರಿಯ ಇಂಟರ್ನೆಟ್ ದತ್ತಾಂಶವಾಗಿ ಬರುವುದರಿಂದ, 1909ಕ್ಕೆ ಕರೆ ಮಾಡಿ ‘ಡಿಎನ್‌ಡಿ’ ಎಂಬ, ಬೇಡದ ಕರೆಗಳನ್ನು ತಡೆಯುವ ಪಟ್ಟಿಯಲ್ಲಿ ನೋಂದಾಯಿಸಿಕೊಂಡವರಿಗೂ ಅದು ಬಂದೇ ಬರುತ್ತದೆ. ಸಂದೇಶವನ್ನು ನಂಬಿ ಹಣ ಕಳೆದುಕೊಂಡವರಿಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ.

ಈ ಹುಸಿ ಸೂಚನೆಗಳನ್ನು ತೆಗೆಯುವ ಕ್ರಮವೂ ಮೇಲಿನ ಚರಿತ್ರೆಯಿಂದಲೇ ಸ್ಪಷ್ಟವಾಗುತ್ತದೆ. ಸಾಧನದಲ್ಲಿ ಇರುವುದು ಒಂದು ಅನುಮತಿಯ ದಾಖಲೆಯೇ ಹೊರತು ವೈರಸ್ ಅಲ್ಲವಾದ್ದರಿಂದ, ಆ್ಯಂಟಿವೈರಸ್ ತಂತ್ರಾಂಶ ಹುಡುಕಿದರೂ ಎಷ್ಟೋ ಬಾರಿ ಏನೂ ಸಿಗುವುದಿಲ್ಲ, ಬಂದ ಸೂಚನೆಯನ್ನು ಪಕ್ಕಕ್ಕೆ ಸರಿಸಿದರೆ ಮತ್ತೊಂದು ಬರುತ್ತದೆ. ಪ್ರತಿ ಸೂಚನೆಯ ಜೊತೆ ಕಳುಹಿಸಿದ ತಾಣದ ವಿಳಾಸ ಸಣ್ಣಕ್ಷರದಲ್ಲಿರುತ್ತದೆ. ಸಂದೇಶವನ್ನು ಒತ್ತದೆ ಆ ವಿಳಾಸವನ್ನಷ್ಟೇ ಓದಿಕೊಂಡು, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿರುವ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿನ ನೋಟಿಫಿಕೇಷನ್ ಭಾಗವನ್ನು ತೆರೆದರೆ ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಪಟ್ಟಿಯಿಂದ ಹೆಸರನ್ನು ತೆಗೆದುಹಾಕಿದರೆ ಆ ತಾಣ ಮುಂದೊಮ್ಮೆ ಮತ್ತೆ ಅನುಮತಿ ಕೇಳಬಹುದು. ನಿರ್ಬಂಧಿಸಿದರೆ ಅದು ಕೇಳಲಾರದು, ಆದರೆ ಅದರ ಉಪವಿಳಾಸಗಳು ಕೇಳಬಲ್ಲವು. ಯಾವ ತಾಣವೂ ಕೇಳದಂತೆ ಮಾಡುವ ಒಂದೇ ಆಯ್ಕೆಯೂ ಅದೇ ಪುಟದಲ್ಲಿದೆ. ಫೈರ್‌ಫಾಕ್ಸ್‌ನಲ್ಲಿ ಅಂಥ ಆಯ್ಕೆ 2018ರ ಮಾರ್ಚ್‌ನಲ್ಲಿ ಬಂದ 59ನೇ ಆವೃತ್ತಿಯಿಂದಲೂ ಇದೆ. ಅರವತ್ತಕ್ಕೆ ಒಂದರಂತೆ ಮಾತ್ರ ಒಪ್ಪಿಗೆ ಸಿಗುವ ಈ ಸವಲತ್ತು ಬಹುಪಾಲು ಓದುಗರಿಗೆ ಬೇಕಾಗಿಯೇ ಇಲ್ಲವಾದ್ದರಿಂದ, ಮೊದಲು ಮಾಡಬೇಕಾದದ್ದು ಆ ಆಯ್ಕೆಯನ್ನು ಒತ್ತುವುದು.