ಬಿಟ್ಟುಹೋದ ಎರಡು ಅಂಕಿಗಳು



ನಿಮ್ಮ ಊರಿನ ಹಿರಿಯರೊಬ್ಬರು "ನಾನು ಹುಟ್ಟಿದ್ದು ಪ್ರಮಾಥಿ ಸಂವತ್ಸರದಲ್ಲಿ" ಎಂದರೆ ಅವರ ವಯಸ್ಸನ್ನು ಹೇಗೆ ಲೆಕ್ಕ ಹಾಕುವಿರಿ? ನಮ್ಮ ಪಂಚಾಂಗದಲ್ಲಿ ಸಂವತ್ಸರಗಳು 60. ಅವು ಮುಗಿದ ಮೇಲೆ ಅದೇ ಹೆಸರುಗಳು ಮರಳಿ ಬರುತ್ತವೆ. 1939ರ ಯುಗಾದಿಗೆ ಆರಂಭವಾದದ್ದು ಪ್ರಮಾಥಿ. 1999ರ ಯುಗಾದಿಗೆ ಆರಂಭವಾದದ್ದೂ ಪ್ರಮಾಥಿಯೇ. ಎದುರಿಗೆ ಕುಳಿತವರ ನರೆತ ಕೂದಲು ನೋಡಿದರೆ ಯಾವ ಪ್ರಮಾಥಿ ಎಂಬುದು ನಿಮಗೆ ತಿಳಿದುಬಿಡುತ್ತದೆ.

ಇತಿಹಾಸಕಾರರಿಗೂ ಈ ತೊಡಕು ಹೊಸದಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಬರೆಸಿದ ಶಾಸನದಲ್ಲಿ ಶಕವರ್ಷ 465 ಎಂಬ ಸಂಖ್ಯೆ ಇದೆ. ಆದ್ದರಿಂದ ಅದರ ಕಾಲ ಕ್ರಿ.ಶ. 543 ಎಂದು ಖಚಿತವಾಗಿ ಹೇಳಬಹುದು. ಬರೀ ಸಂವತ್ಸರದ ಹೆಸರಿರುವ ಶಾಸನ ಸಿಕ್ಕಿದರೆ ಅರಸನ ಹೆಸರು, ಲಿಪಿಯ ರೂಪ ಮುಂತಾದವುಗಳ ಆಸರೆ ಬೇಕಾಗುತ್ತದೆ. ಮನುಷ್ಯನಿಗೆ ಇಂಥ ಆಸರೆಗಳನ್ನು ಹುಡುಕುವ ಬುದ್ಧಿ ಇದೆ. ಕಂಪ್ಯೂಟರಿಗೆ ಕೊಟ್ಟ ಅಂಕಿಯಷ್ಟೇ ಗೊತ್ತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇಡೀ ಜಗತ್ತನ್ನು ಚಿಂತೆಗೀಡುಮಾಡಿದ 'ವೈ2ಕೆ' ಸಮಸ್ಯೆಯ ಬೇರು ಇಲ್ಲಿದೆ.

ಮೊದಲ ಕಂಪ್ಯೂಟರುಗಳ ಕಾಲಕ್ಕೆ ಹೋಗೋಣ. ಆಗ ಮಾಹಿತಿಯನ್ನು ರಂಧ್ರ ಕೊರೆದ ರಟ್ಟಿನ ಕಾರ್ಡುಗಳ ಮೇಲೆ ದಾಖಲಿಸುತ್ತಿದ್ದರು. ಒಂದು ಕಾರ್ಡಿನಲ್ಲಿ 80 ಅಕ್ಷರಗಳಿಗಷ್ಟೇ ಜಾಗ. 1959ರಲ್ಲಿ ಹೊರಬಂದ ಐಬಿಎಂ 1401 ಯಂತ್ರದ ಅತಿ ಚಿಕ್ಕ ಮಾದರಿಯ ನೆನಪಿನ ಕೋಶದಲ್ಲಿ ಹಿಡಿಸುತ್ತಿದ್ದುದು 1,400 ಅಕ್ಷರಗಳು. ಅಂದರೆ ಒಂದು ಪುಟದಷ್ಟು ಬರಹ! ಇಂಥ ಬಡತನದಲ್ಲಿ 1965 ಎಂದು ಬರೆಯುವ ಬದಲು 65 ಎಂದು ಬರೆದು ಎರಡು ಅಂಕಿ ಉಳಿಸಿದರೆ ಅದು ಜಾಣತನವೇ ಆಗಿತ್ತು. ಆ ಕಾರ್ಯಕ್ರಮಗಳು ಇನ್ನೂ ಮೂವತ್ತು ನಲವತ್ತು ವರ್ಷ ಬಾಳುತ್ತವೆಂದು ಬರೆದವರಲ್ಲಿ ಹೆಚ್ಚಿನವರು ಎಣಿಸಿರಲಿಲ್ಲ. ಆದರೆ ಯಂತ್ರಗಳು ಬದಲಾದರೂ ಕೋಬಾಲ್ ಭಾಷೆಯಲ್ಲಿ ಬರೆದ ಹಳೆಯ ಕಾರ್ಯಕ್ರಮಗಳು ಬ್ಯಾಂಕುಗಳಲ್ಲಿ, ವಿಮಾ ಸಂಸ್ಥೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಹಾಗೆಯೇ ಮುಂದುವರಿದವು.

ಇದರಿಂದ ಏನಾಗುತ್ತದೆ? ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 1935ರಲ್ಲಿ ಹುಟ್ಟಿದವರ ವಯಸ್ಸು 1999ರಲ್ಲಿ ಎಷ್ಟು? 99ರಲ್ಲಿ 35 ಕಳೆದರೆ 64. ಸರಿಯಾಗಿದೆ. ಮರುವರ್ಷ ಅದೇ ಲೆಕ್ಕ ಮಾಡಿದರೆ 00ಯಲ್ಲಿ 35 ಕಳೆಯಬೇಕು. ಉತ್ತರ ಋಣ 35! ಪಿಂಚಣಿ, ಸಾಲದ ಬಡ್ಡಿ, ವಿಮೆಯ ಕಂತು, ಔಷಧದ ಅವಧಿ ಇವೆಲ್ಲವೂ ಇಂಥ ಕಳೆಯುವ ಲೆಕ್ಕದ ಮೇಲೆಯೇ ನಿಂತಿವೆ. ಇದರ ಜೊತೆಗೆ ಇನ್ನೊಂದು ಬಲೆಯೂ ಇತ್ತು. 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ 400ರಿಂದ ಭಾಗವಾದರೆ ಅಧಿಕ ವರ್ಷ ಎಂಬ ನಿಯಮ 1582ರ ಗ್ರೆಗೋರಿಯನ್ ಪಂಚಾಂಗದ್ದು. ನಿಯಮದ ಮೊದಲರ್ಧವನ್ನು ಮಾತ್ರ ನೆನಪಿಟ್ಟವರ ಕಾರ್ಯಕ್ರಮಗಳಲ್ಲಿ 2000ದ ಫೆಬ್ರವರಿ 29 ಎಂಬ ದಿನವೇ ಇರಲಿಲ್ಲ.

ಎಚ್ಚರಿಕೆ ಕೊಟ್ಟವರು ಇರಲಿಲ್ಲವೇ? ಇದ್ದರು. ಅಮೆರಿಕದ ಕಂಪ್ಯೂಟರ್ ತಜ್ಞ ಬಾಬ್ ಬೀಮರ್ 1970ರ ದಶಕದಲ್ಲಿಯೇ ಈ ಬಗ್ಗೆ ಬರೆದರು. ಕೇಳಿದವರು ಕಡಿಮೆ. 1993ರಲ್ಲಿ ಪೀಟರ್ ಡಿ ಯಾಗರ್ 'ಕಂಪ್ಯೂಟರ್‌ವರ್ಲ್ಡ್' ಪತ್ರಿಕೆಯಲ್ಲಿ ಬರೆದ ಲೇಖನದ ನಂತರ ಚರ್ಚೆ ಕಾವೇರಿತು. ಅಷ್ಟರಲ್ಲಿ ಪೆಟ್ಟು ಬೀಳತೊಡಗಿತ್ತು. 2000ದಲ್ಲಿ ಅವಧಿ ಮುಗಿಯುವ ಕ್ರೆಡಿಟ್ ಕಾರ್ಡುಗಳನ್ನು ಅಂಗಡಿಯ ಕೆಲವು ಯಂತ್ರಗಳು 'ಅವಧಿ ಮೀರಿದೆ' ಎಂದು ತಿರಸ್ಕರಿಸಿದವು.

1998ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಇದಕ್ಕಾಗಿಯೇ ಒಂದು ಮಂಡಲಿಯನ್ನು ರಚಿಸಿ, ಜಾನ್ ಕಾಸ್ಕಿನೆನ್ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿದರು. ಭಾರತ ಸರ್ಕಾರವೂ ಒಂದು ಕಾರ್ಯಪಡೆಯನ್ನು ರಚಿಸಿತು. ಸಿದ್ಧತೆಯ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಯಾವ ಯಾವ ಯಂತ್ರ, ಕಾರ್ಯಕ್ರಮಗಳಿವೆ ಎಂದು ಪಟ್ಟಿ ಮಾಡುವುದು, ಯಾವುದು ಕೆಟ್ಟರೆ ಜನರಿಗೆ ಹೆಚ್ಚು ತೊಂದರೆ ಎಂದು ತೂಗುವುದು, ತಿದ್ದುವುದು, ಗಡಿಯಾರವನ್ನು ಮುಂದಿಟ್ಟು ಪರೀಕ್ಷಿಸುವುದು, ಇಷ್ಟಾದ ಮೇಲೂ ಕೈಕೊಟ್ಟರೆ ಕಾಗದ ಪೆನ್ಸಿಲಿನಿಂದ ಕೆಲಸ ನಡೆಸುವುದು ಹೇಗೆಂದು ಯೋಚಿಸಿಟ್ಟಿರುವುದು. ಜನ ಗಾಬರಿಯಿಂದ ಬ್ಯಾಂಕಿಗೆ ನುಗ್ಗಿದರೆ ಇರಲಿ ಎಂದು ಅಮೆರಿಕದ ಕೇಂದ್ರ ಬ್ಯಾಂಕು 5,000 ಕೋಟಿ ಡಾಲರುಗಳಷ್ಟು ಹೆಚ್ಚುವರಿ ನೋಟುಗಳನ್ನು ಸಿದ್ಧವಾಗಿಡಲು ನಿರ್ಧರಿಸಿತು.

ತಿದ್ದುವ ಕೆಲಸಕ್ಕೆ ಜನ ಬೇಕಲ್ಲ? ಇಲ್ಲಿ ನಮ್ಮ ಬೆಂಗಳೂರು ಈ ಕಥೆಯೊಳಗೆ ಬರುತ್ತದೆ. ಪಶ್ಚಿಮದಲ್ಲಿ ಹೊಸಬರು ಕೋಬಾಲ್ ಬಿಟ್ಟು ಬೇರೆ ಭಾಷೆಗಳತ್ತ ಹೊರಳಿದ್ದರು. ಇಲ್ಲಿ ಅದನ್ನು ಕಲಿತ, ಇಂಗ್ಲಿಷ್ ಬಲ್ಲ ತರುಣ ತರುಣಿಯರಿದ್ದರು. 1990ರ ದಶಕದಲ್ಲಿ ಆರಂಭವಾದ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಮೂಲಕ ಉಪಗ್ರಹ ಸಂಪರ್ಕ ದೊರೆತಿತ್ತು. ಅಮೆರಿಕ ಮಲಗಿದಾಗ ನಮಗೆ ಹಗಲು. ಅಲ್ಲಿನವರು ಸಂಜೆ ಬಿಟ್ಟ ಕೆಲಸ ಬೆಳಗಾಗುವುದರೊಳಗೆ ಮುಂದುವರಿದಿರುತ್ತಿತ್ತು. ಯಾರೋ ಎಂದೋ ಬರೆದ ಸಾಲುಗಳನ್ನು ಒಂದೊಂದಾಗಿ ಓದಿ, ದಿನಾಂಕ ಎಲ್ಲಿ ಅಡಗಿದೆ ಎಂದು ಹುಡುಕುವುದು ಬೇಸರದ ಕೆಲಸ. ಆದರೆ ಆ ಬೇಸರದ ಕೆಲಸವೇ ಭಾರತದ ಕಂಪನಿಗಳಿಗೆ ದೊಡ್ಡ ದೊಡ್ಡ ಗ್ರಾಹಕರ ಬಾಗಿಲು ತೆರೆಯಿತು, ನಂಬಿಕೆ ಗಳಿಸಿಕೊಟ್ಟಿತು.

1999ರ ಡಿಸೆಂಬರ್ 31 ಬಂತು. ಭಾರತದಲ್ಲಿ ಆ ದಿನ ಜನರ ಕಣ್ಣು ಕಂದಹಾರದ ಮೇಲಿತ್ತು. ಅಪಹೃತ ವಿಮಾನದ ಪ್ರಯಾಣಿಕರು ಬಿಡುಗಡೆಯಾದ ದಿನ ಅದು. ಅಮೆರಿಕದ ಕೊಲೊರಾಡೊದ ಸೇನಾ ನೆಲೆಯೊಂದರಲ್ಲಿ ಅಮೆರಿಕ ಮತ್ತು ರಷ್ಯಾದ ಸೇನಾಧಿಕಾರಿಗಳು ಅಕ್ಕಪಕ್ಕ ಕುಳಿತಿದ್ದರು. ದಿನಾಂಕದ ದೋಷದಿಂದ ಯಾವುದಾದರೂ ಪರದೆಯ ಮೇಲೆ ಕ್ಷಿಪಣಿಯ ಸುಳ್ಳು ಸೂಚನೆ ಕಂಡರೆ ಯುದ್ಧವಾಗಬಾರದಲ್ಲ! ಅಮೆರಿಕದ ವಿಮಾನಯಾನ ಆಡಳಿತದ ಮುಖ್ಯಸ್ಥೆ ಜೇನ್ ಗಾರ್ವೆ ಜನರಿಗೆ ಧೈರ್ಯ ತುಂಬಲು ಆ ರಾತ್ರಿ ತಾವೇ ವಿಮಾನ ಹತ್ತಿದರು.

ನ್ಯೂಜಿಲೆಂಡಿನಲ್ಲಿ ಮಧ್ಯರಾತ್ರಿ ದಾಟಿತು. ದೀಪಗಳು ಆರಲಿಲ್ಲ. ಭೂಮಿ ತಿರುಗಿದಂತೆ ಒಂದೊಂದೇ ದೇಶ ಹೊಸ ವರ್ಷಕ್ಕೆ ಕಾಲಿಟ್ಟಿತು. ಭಾರಿ ಅನಾಹುತ ಎಲ್ಲಿಯೂ ಆಗಲಿಲ್ಲ.

ಏನೂ ಆಗಲಿಲ್ಲ ಎಂದು ಮಾತ್ರ ತಿಳಿಯಬೇಡಿ. ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಮಾಹಿತಿಯನ್ನು ಸಂಸ್ಕರಿಸುವ ವ್ಯವಸ್ಥೆ ಕೆಲವು ಗಂಟೆ ನಿಂತುಹೋಯಿತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಗರ್ಭಿಣಿಯರ ವಯಸ್ಸನ್ನು ಕಂಪ್ಯೂಟರು ತಪ್ಪಾಗಿ ಲೆಕ್ಕ ಹಾಕಿತು. 150ಕ್ಕೂ ಹೆಚ್ಚು ಮಹಿಳೆಯರಿಗೆ, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವದ ಬಗ್ಗೆ ತಪ್ಪು ವರದಿ ಹೋಯಿತು. ಇದು ಪತ್ತೆಯಾಗಲು ತಿಂಗಳುಗಳೇ ಹಿಡಿದವು. ಬಿಟ್ಟುಹೋದ ಎರಡು ಅಂಕಿಗಳ ಬೆಲೆ ಏನೆಂದು ಆ ತಾಯಂದಿರಿಗೆ ಗೊತ್ತು.

ಜನವರಿ ಕಳೆಯುವುದರೊಳಗೆ ಇನ್ನೊಂದು ಮಾತು ಹುಟ್ಟಿತು: "ಎಲ್ಲವೂ ಬರೀ ಗುಲ್ಲು. ಹಣ ಮಾಡಿಕೊಳ್ಳಲು ಕಟ್ಟಿದ ಕಥೆ." ಜಗತ್ತಿನಾದ್ಯಂತ ಖರ್ಚಾದದ್ದು 30,000 ಕೋಟಿ ಡಾಲರುಗಳಿಗೂ ಹೆಚ್ಚೆಂದು ಅಂದಾಜು. ಕಡಿಮೆ ಖರ್ಚು ಮಾಡಿದ ಇಟಲಿಯಂಥ ದೇಶಗಳೂ ಪಾರಾದವು. ಹಾಗಾದರೆ ಹಣ ನೀರಿಗೆ ಹೋಯಿತೇ?

ಇತಿಹಾಸದ ವಿದ್ಯಾರ್ಥಿ ಎರಡೂ ಕಡೆಯ ಸಾಕ್ಷ್ಯ ನೋಡಬೇಕು. ಉತ್ಪ್ರೇಕ್ಷೆ ಇದ್ದದ್ದು ನಿಜ. ವಿದ್ಯುತ್ ಸ್ಥಾವರ, ಲಿಫ್ಟುಗಳ ಒಳಗಿನ ಚಿಪ್ಪುಗಳ ಬಗ್ಗೆ ಇದ್ದ ಭಯ ಬಹುಪಾಲು ಸುಳ್ಳಾಯಿತು. ಆದರೆ ಗಡಿಯಾರ ಮುಂದಿಟ್ಟು ಪರೀಕ್ಷಿಸಿದಾಗ ತಿದ್ದದ ಕಾರ್ಯಕ್ರಮಗಳು ಎಡವಿದ್ದೂ ಅಷ್ಟೇ ನಿಜ. ತಡವಾಗಿ ಎದ್ದ ದೇಶಗಳಿಗೆ ಬೇರೆಡೆ ತಿದ್ದಿದ ಸಾಫ್ಟ್‌ವೇರು ಸಿದ್ಧವಾಗಿ ದೊರೆಯಿತು; ಅವುಗಳಲ್ಲಿ ಹಲವು ಕಂಪ್ಯೂಟರನ್ನು ನೆಚ್ಚಿಕೊಂಡದ್ದೂ ಕಡಿಮೆ.

ನಮ್ಮ ಹಳ್ಳಿಯ ಕೆರೆಯನ್ನೇ ನೆನೆಯಿರಿ. ಮಳೆಗಾಲಕ್ಕೆ ಮುನ್ನ ಊರವರು ಏರಿಯ ಬಿರುಕು ಮುಚ್ಚುತ್ತಾರೆ. ಮಳೆ ಬಂದು ಕೆರೆ ತುಂಬುತ್ತದೆ, ಏರಿ ಒಡೆಯುವುದಿಲ್ಲ. ಆಗ ಒಬ್ಬ ಬಂದು, "ಏರಿ ಒಡೆಯಲೇ ಇಲ್ಲವಲ್ಲ, ಸುಮ್ಮನೆ ಮಣ್ಣು ಹೊತ್ತಿರಿ" ಎಂದರೆ? ಮುನ್ನೆಚ್ಚರಿಕೆಗೆ ಇರುವ ಶಾಪವೇ ಇದು: ಅದು ಗೆದ್ದಾಗ ಕಣ್ಣಿಗೆ ಕಾಣುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದವರ ಕಥೆ ಗಾದೆಯಾಯಿತು. ಸಕಾಲದಲ್ಲಿ ಬಾಗಿಲು ಹಾಕಿದವರ ಹೆಸರು ಯಾರಿಗೂ ನೆನಪಿಲ್ಲ.

ಮಿತ್ರರೇ, ಈ ಪಾಠ ಮುಗಿದಿಲ್ಲ. ಅನೇಕ ಕಂಪ್ಯೂಟರುಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲ ತಿಳಿಯುತ್ತವೆ. 32 ಬಿಟ್ಟುಗಳ ಎಣಿಕೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಈ ಎಣಿಕೆ ತುಂಬುವುದು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ ತಿದ್ದದೆ ಉಳಿದ ಯಂತ್ರಗಳು 1901ಕ್ಕೆ ಜಾರುತ್ತವೆ. ಹೊಸ ಯಂತ್ರಗಳಲ್ಲಿ ಹೆಚ್ಚಿನವು 64 ಬಿಟ್ಟುಗಳಿಗೆ ಬದಲಾಗಿವೆ. ಹಳೆಯವು ಯಾವ ಮೂಲೆಯಲ್ಲಿವೆ ಎಂದು ಹುಡುಕಬೇಕಾಗಿದೆ.

ಆ ಬೆಳಿಗ್ಗೆ ಯಂತ್ರಗಳನ್ನು ಕಾಯುವ ಹೊಣೆ ನಿಮ್ಮ ಪೀಳಿಗೆಯದು. ಎಲ್ಲವೂ ಎಂದಿನಂತೆ ನಡೆದು, ಯಾರೂ ನಿಮ್ಮನ್ನು ಹೊಗಳದಿದ್ದರೆ, ಕೆಲಸ ಚೆನ್ನಾಗಿ ಮಾಡಿದ್ದೀರಿ ಎಂದು ತಿಳಿಯಿರಿ.